ಬಳಪವೂ ಅದೇ ಕಲ್ಲು, ಬೇಲೂರೂ ಅದೇ ಕಲ್ಲು

ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಯಾವ ಮಾರ್ಗದರ್ಶಿಯ ಹಿಂದೆ ನಿಂತರೂ ಐದು ನಿಮಿಷದೊಳಗೆ ಒಂದು ಮಾತು ಕಿವಿಗೆ ಬೀಳುತ್ತದೆ: ‘ಇದು ಬಳಪದ ಕಲ್ಲು, ಬೆಣ್ಣೆಯಂತೆ ಮೆತ್ತಗೆ, ಅದಕ್ಕೇ ಇಷ್ಟು ನಾಜೂಕು.’ ಕೇಳಿದವರು ತಲೆಯಾಡಿಸುತ್ತಾರೆ, ಮೊಬೈಲ್ ಎತ್ತಿ ಚಿತ್ರ ತೆಗೆಯುತ್ತಾರೆ, ಮುಂದಿನ ಮದನಿಕೆಯ ಕಡೆಗೆ ಸಾಗುತ್ತಾರೆ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮುಗಿಸಿದರೆ, ಅಕ್ಕಿ ಚೆನ್ನಾಗಿತ್ತು, ಅದಕ್ಕೇ ಅಡುಗೆ ರುಚಿಯಾಯಿತು ಎಂದಂತಾಗುತ್ತದೆ. ಅಡುಗೆ ಮಾಡಿದ ಕೈ ಎಲ್ಲಿ ಹೋಯಿತು? ಆ ಮನೆಯವರು ಅದೇ ಅಕ್ಕಿಯನ್ನು ಹುಡುಕಿ ತಂದದ್ದಾದರೂ ಏಕೆ?

ಮೊದಲು ಹೆಸರನ್ನೇ ನೋಡೋಣ. ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ತಲೆಮಾರಿಗೆ ಬಳಪವೆಂದರೇನು ಎಂದು ಹೇಳಬೇಕಿಲ್ಲ. ಅದರ ತಣ್ಣನೆಯ ನುಣುಪು, ಓರೆಯಾಗಿ ತಾಗಿದಾಗ ಹಲ್ಲು ಜುಮ್ಮೆನ್ನಿಸುವ ಕಿರ್ರೆಂಬ ಸದ್ದು, ಮೇಷ್ಟ್ರು ಬೆನ್ನು ತಿರುಗಿಸಿದಾಗ ಕದ್ದು ಕಚ್ಚಿದ ಚೂರಿನ ಮಣ್ಣು ರುಚಿ, ಎಲ್ಲವೂ ನೆನಪಿರುತ್ತದೆ. ಪೇಟೆಯಲ್ಲಿ ಸಿಗುವ ಬೂದುಬಣ್ಣದ ಕಡ್ಡಿಗಳೆಲ್ಲ ಇದೇ ಕಲ್ಲಿನವಲ್ಲ, ನಿಜ. ಆದರೂ ಕನ್ನಡ ಈ ಕಲ್ಲನ್ನು ಗುರುತಿಸಿದ್ದು ಅದರ ಬಣ್ಣದಿಂದಲ್ಲ, ಹುಟ್ಟೂರಿನಿಂದಲೂ ಅಲ್ಲ. ಬರೆಯಲು ಬರುತ್ತದೆ ಎಂಬ ಗುಣದಿಂದ. ಇಂಗ್ಲಿಷಿನವರಿಗೆ ಅದೇ ಕಲ್ಲು ಸಾಬೂನಿನಂತೆ ಕೈಗೆ ಜಾರುವುದರಿಂದ ‘ಸೋಪ್‌ಸ್ಟೋನ್’ ಆಯಿತು.

ಬರೆಯುವ ಕೆಲಸ ಶಾಲೆಯ ಮಕ್ಕಳದ್ದು ಮಾತ್ರವಾಗಿರಲಿಲ್ಲ. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಒಂದು ಕಪ್ಪು ಪುಸ್ತಕವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬೆಳ್ಳಗೆ ಲೆಕ್ಕ ಬರೆಯುತ್ತಿದ್ದರು. ಅಂಗಡಿಯ ಸಾಲ, ಮಠದ ಆದಾಯ, ಊರಿನ ಕಂದಾಯ ಎಲ್ಲ ಅದರಲ್ಲಿ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಇದರ ಹೆಸರು ‘ಕಡತ’. ಇಂದು ವಿಧಾನಸೌಧದಲ್ಲಿ ಮೇಜಿನಿಂದ ಮೇಜಿಗೆ ತೆವಳುವ ಕಡತಕ್ಕೆ ಹೆಸರು ಬಂದದ್ದು ಅಲ್ಲಿಂದಲೇ. ಒಂದೇ ಕಲ್ಲು ಒಂದು ಕಡೆ ಒರೆಸಿದರೆ ಹೋಗುವ ಅಕ್ಷರವಾಯಿತು, ಇನ್ನೊಂದು ಕಡೆ ಒಂಬೈನೂರು ವರ್ಷ ಉಳಿದ ದೇವಸ್ಥಾನವಾಯಿತು. ಈ ಎರಡು ಗುಣಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೇ ಹೊಯ್ಸಳ ಶಿಲ್ಪದ ಅರ್ಥ ಬಿಚ್ಚಿಕೊಳ್ಳುತ್ತದೆ ಎಂದು ನನ್ನ ಎಣಿಕೆ.

ಭೂವಿಜ್ಞಾನದ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಮೆಗ್ನೀಸಿಯಂ ಹೆಚ್ಚಿರುವ ಹಳೆಯ ಅಗ್ನಿಶಿಲೆ ನೆಲದಾಳದಲ್ಲಿ ಒತ್ತಡ, ಕಾವು, ನೀರು ಮೂರಕ್ಕೂ ಸಿಕ್ಕಿ ರೂಪಾಂತರಗೊಂಡಾಗ ಟಾಲ್ಕ್, ಕ್ಲೋರೈಟ್ ಎಂಬ ಖನಿಜಗಳು ತುಂಬಿಕೊಳ್ಳುತ್ತವೆ. ಟಾಲ್ಕ್ ಎಂದರೆ ಮುಖಕ್ಕೆ ಹಚ್ಚುವ ಪೌಡರಿನ ಮೂಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರದ್ದು 1, ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ನಮ್ಮ ಉಗುರಿನದ್ದು ಸುಮಾರು 2.5, ಗ್ರಾನೈಟಿನೊಳಗಿನ ಬೆಣಚು ಹರಳಿನದ್ದು 7. ದೇವಸ್ಥಾನಕ್ಕೆ ಬಳಸಿದ್ದರಲ್ಲಿ ಕ್ಲೋರೈಟ್ ಅಂಶ ಹೆಚ್ಚು. ಉಗುರಿಗೆ ಅಷ್ಟು ಸುಲಭವಾಗಿ ಬಗ್ಗದಿದ್ದರೂ ಉಕ್ಕಿನ ಉಳಿಗೆ ತಕರಾರಿಲ್ಲದೆ ಒಪ್ಪುತ್ತದೆ. ಗಣಿಯಿಂದ ಆಗಷ್ಟೇ ತೆಗೆದಾಗ ಹಸಿ ಇರುವುದರಿಂದ ಇನ್ನೂ ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ತೇವ ಆರಿದಂತೆ ಮೇಲ್ಮೈ ಬಿಗಿಯುತ್ತದೆ, ಹಸಿರುಗಪ್ಪು ಬಣ್ಣ ಗಾಢವಾಗುತ್ತದೆ. ಶಿಲ್ಪಿಗೆ ಬೇಕಾದದ್ದೂ ಇದೇ: ಕೆಲಸ ಮಾಡುವಾಗ ಮಣಿಯಬೇಕು, ಕೆಲಸ ಮುಗಿದ ಮೇಲೆ ನಿಲ್ಲಬೇಕು.

ಹಾಗಾದರೆ ಈ ಕಲ್ಲು ಹತ್ತಿರದಲ್ಲಿ ಸಿಗುತ್ತಿತ್ತು, ಅದಕ್ಕೇ ಬಳಸಿದರು ಎಂದು ಬಿಡಬಹುದೆ? ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮಟ್ಟಿಗೆ ಆ ವಾದ ನಿಲ್ಲುತ್ತದೆ. ಅಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟವನ್ನೇ ಕೊರೆದು, ಕಡಿದು, ಕಟ್ಟಿದರು. ಹಂಪಿಯಲ್ಲೂ ಸುತ್ತಲ ಬಂಡೆಗಳೇ ಊರಾದವು. ಆದರೆ ಶ್ರವಣಬೆಳಗೊಳಕ್ಕೆ ಬನ್ನಿ. ಅಲ್ಲಿ ಎದುರುಬದುರು ಎರಡು ಬೆಟ್ಟಗಳು, ಎರಡೂ ಬರಿಯ ಗ್ರಾನೈಟ್. ಹತ್ತನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ ದೊಡ್ಡ ಬೆಟ್ಟದ ನೆತ್ತಿಯ ಬಂಡೆಯಲ್ಲೇ 57 ಅಡಿಯ ಗೊಮ್ಮಟನನ್ನು ಬಿಡಿಸಿದ. ಅದೇ ಊರಿನಲ್ಲಿ, ಬೆಟ್ಟದ ಕೆಳಗೆ, 1181ರಲ್ಲಿ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ಒಂದು ಬಸದಿ ಕಟ್ಟಿಸಿದಳು. ಜನ ಅದನ್ನು ಅಕ್ಕನ ಬಸದಿ ಎನ್ನುತ್ತಾರೆ. ಕಣ್ಣೆದುರಿಗೆ ಎರಡು ಬೆಟ್ಟದಷ್ಟು ಗ್ರಾನೈಟ್ ಇದ್ದರೂ ಆ ಬಸದಿಗೆ ಬಳಪದ ಕಲ್ಲನ್ನೇ ತರಿಸಿದರು. ಕನ್ನಡಿಯಂತೆ ಹೊಳೆಯುವ ಅದರ ಒಳಗಂಬಗಳನ್ನು ನೋಡಿದರೆ ಏಕೆ ತರಿಸಿದರೆಂದು ತಿಳಿಯುತ್ತದೆ. ಮೇಲೆ, ಬೆಟ್ಟದಲ್ಲಿ, ಎಲ್ಲವನ್ನೂ ಕಳಚಿ ನಿಂತ ಗೊಮ್ಮಟನಿಗೆ ಗ್ರಾನೈಟಿನ ಬಯಲಾದ ಮೈ ಹೊಂದುತ್ತದೆ. ಕೆಳಗೆ, ಸಂಸಾರಿಗಳು ಕಟ್ಟಿಸಿದ ಗುಡಿಗೆ ಆಭರಣ ಬೇಕಿತ್ತು. ಅಂದರೆ 12ನೇ ಶತಮಾನದ ಹೊತ್ತಿಗೆ ಕಲ್ಲು ಕೈಗೆ ಸಿಕ್ಕ ಸಾಮಗ್ರಿಯಾಗಿ ಉಳಿದಿರಲಿಲ್ಲ. ಆರಿಸಿಕೊಂಡ ಒಂದು ಮಾತಾಗಿತ್ತು.

ಆ ಆಯ್ಕೆಯ ಬೇರು ಹೊಯ್ಸಳರಿಗಿಂತ ಹಿಂದಿನದು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ, 11ನೇ ಶತಮಾನದಲ್ಲಿ, ಧಾರವಾಡ ಗದಗ ಸೀಮೆಯ ಕಟ್ಟುವವರು ಮರಳುಗಲ್ಲನ್ನು ಬಿಟ್ಟು ಇದಕ್ಕೆ ಹೊರಳಿದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಹೊರಳಿನ ಮೊದಲ ಗುರುತುಗಳಲ್ಲಿ ಒಂದೆಂದು ಎಣಿಸುತ್ತಾರೆ. ಆಮೇಲೆ ಲಕ್ಕುಂಡಿ, ಡಂಬಳ, ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಟಗಿಯ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ.

ಈ ಗುಡಿಗಳ ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಡೆದ ಕಂಬಗಳು. ಬುಗುರಿಯ ಮೈಯಂತೆ ಬಳೆ ಬಳೆಯಾಗಿ ಇಳಿಯುವ ಅಂಚುಗಳು, ಒಂದೊಂದೂ ಚಾಕುವಿನ ಬಾಯಷ್ಟು ಹರಿತ. ಕಲ್ಲನ್ನು ತಿರುಗಿಸುತ್ತ ಉಳಿ ಒಡ್ಡಿದರಲ್ಲದೆ ಇಂಥ ವೃತ್ತಗಳು ಬರಲಾರವು. ಬಡಗಿ ತೊಟ್ಟಿಲ ಕಾಲನ್ನು ಕಡೆಯುವ ಹಾಗೆಯೇ ಅವರು ಟನ್ನುಗಟ್ಟಲೆ ತೂಕದ ಕಲ್ಲನ್ನು ಕಡೆದರು. ಕನ್ನಡದಲ್ಲಿ ಮೊಸರನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ, ಚೆಲುವಾದ ಮುಖವನ್ನು ‘ಕಡೆದಿಟ್ಟ ಬೊಂಬೆ’ ಎನ್ನುತ್ತೇವೆ. ಗ್ರಾನೈಟನ್ನು ಕಡಿಯಬಹುದು, ಕುಟ್ಟಬಹುದು, ಕಡೆಯುವುದು ಕಷ್ಟ. ‘ಕಡಿ’ ಮತ್ತು ‘ಕಡೆ’ ಎಂಬ ಎರಡು ಧಾತುಗಳ ನಡುವೆ ಇರುವಷ್ಟೇ ದೂರ ಆ ಎರಡು ಶಿಲ್ಪಪದ್ಧತಿಗಳ ನಡುವೆಯೂ ಇದೆ. ಮರದಲ್ಲಿ, ದಂತದಲ್ಲಿ, ಚಿನ್ನದಲ್ಲಿ ಕಲಿತ ಕೈಚಳಕವನ್ನು ಕಲ್ಲಿಗೆ ದಾಟಿಸಲು ಈ ಕಲ್ಲೊಂದೇ ದಾರಿ ಕೊಟ್ಟಿತು.

ಬೇಲೂರಿನ ಹೊರಗೋಡೆಯಲ್ಲಿ, ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತ ಮದನಿಕೆಯರಲ್ಲಿ ಒಬ್ಬಳ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಅವಳ ತಲೆಯ ಮೇಲೆ ಬಳ್ಳಿ, ಎಲೆ, ಹಣ್ಣುಗಳ ಚಪ್ಪರ. ಎಲೆಗಳ ಹಿಂದೆ ಬೆಳಕು ಹಾಯುತ್ತದೆ, ಅಂದರೆ ಚಪ್ಪರದ ಹಿಂಬದಿಯ ಕಲ್ಲನ್ನೆಲ್ಲ ಕೊರೆದು ತೆಗೆದಿದ್ದಾರೆ. ಹಣ್ಣಿನ ಮೇಲೆ ಒಂದು ನೊಣ ಕೂತಿದೆ. ಅದನ್ನು ಹಿಡಿಯಲು ಒಂದು ಹಲ್ಲಿ ಹೊಂಚು ಹಾಕಿದೆ. ನೆಲದಲ್ಲಿ ನಿಂತ ಭಕ್ತನಿಗೆ ಈ ಹಲ್ಲಿ ಸುಲಭವಾಗಿ ಕಾಣುವುದಿಲ್ಲ. ಯಾರಾದರೂ ಬೆರಳು ತೋರಿಸಬೇಕು. ಪೂಜೆಗೆ ಹಲ್ಲಿ ಬೇಡ, ಶಾಸ್ತ್ರ ಅದನ್ನು ಕೇಳಿಲ್ಲ, ರಾಜನೂ ಕೇಳಿರಲಾರ. ಕೆತ್ತುತ್ತಿದ್ದವನಿಗೆ ಒಂದು ಮಧ್ಯಾಹ್ನ ಹಾಗೆ ತೋಚಿತು, ಕಲ್ಲು ಬೇಡವೆನ್ನಲಿಲ್ಲ. ಕಠಿಣ ಕಲ್ಲಿನಲ್ಲಿ ಇಂಥ ಹುಡುಗಾಟಕ್ಕೆ ವಾರಗಟ್ಟಲೆ ದುಡಿಮೆ ಬೇಕು. ಅಷ್ಟು ಹೊತ್ತಿಗೆ ತೋಚಿದ್ದೇ ಆರಿಹೋಗುತ್ತದೆ. ಮೆದುಗಲ್ಲಿನ ನಿಜವಾದ ಕೊಡುಗೆ ನಾಜೂಕಿಗಿಂತ ಹೆಚ್ಚಾಗಿ ಇದು: ಒಬ್ಬ ಮನುಷ್ಯನ ಆ ಹೊತ್ತಿನ ಮನಸ್ಸು ಅದರಲ್ಲಿ ಉಳಿಯಲು ಸಾಧ್ಯವಾಯಿತು.

ಅಲ್ಲಿಂದ ಸಹಿಗೆ ಒಂದೇ ಹೆಜ್ಜೆ. ಭಾರತದ ಹಳೆಯ ಶಿಲ್ಪಿಗಳು ಹೆಸರು ಬಿಟ್ಟುಹೋಗಲಿಲ್ಲ ಎಂದು ಹೇಳುವವರು ಹೊಯ್ಸಳ ವಿಗ್ರಹಗಳ ಪೀಠವನ್ನು ನೋಡಿಲ್ಲ ಎಂದೇ ನಾನು ತಿಳಿಯುತ್ತೇನೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಬಿರುದು ಹೊತ್ತ ಶಿಲ್ಪಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂಬರ್ಥದ ಬಿರುದು ಚಾವಣನದು. ಉಳಿದವರೆಲ್ಲ ಸುಟ್ಟು ಬೂದಿಯಾಗಲಿ ಎಂಬಷ್ಟು ಜಂಬ! ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಅದೇ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ಇಬ್ಬರೂ ಒಬ್ಬನೇ ಆದರೆ ಆತ ಅರುವತ್ತು ವರ್ಷ ಉಳಿ ಹಿಡಿದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ಸಹಿಗಳನ್ನು ಒಂದೊಂದಾಗಿ ಓದಿ ಪಟ್ಟಿ ಮಾಡಿದ ಮೇಲೆ ಹೊಯ್ಸಳ ಶಿಲ್ಪವನ್ನು ‘ಅನಾಮಿಕ’ ಎಂದು ಕರೆಯುವುದಕ್ಕೆ ನೆಪ ಉಳಿಯಲಿಲ್ಲ.

ಈ ಸಹಿಗಳಲ್ಲಿ ಶಿಲ್ಪಿ ತನ್ನನ್ನು ‘ರೂವಾರಿ’ ಎಂದು ಕರೆದುಕೊಳ್ಳುತ್ತಾನೆ. ರೂಪ ಮಾಡುವವನು, ರೂಪಕಾರಿ. ಇಂದಿನ ಪತ್ರಿಕೆಯಲ್ಲಿ ಯೋಜನೆಯ ರೂವಾರಿ, ಗೆಲುವಿನ ರೂವಾರಿ ಎಂದೆಲ್ಲ ಓದುತ್ತೇವಲ್ಲ, ಅದು ಈ ಉಳಿಯವರಿಂದ ಎರವಲು ಪಡೆದ ಮಾತು. ಉಳಿ ಹಿಡಿದವನ ವೃತ್ತಿಪದವೊಂದು ನಾಡಿನ ಯಾವುದೇ ದೊಡ್ಡ ಕೆಲಸದ ಹಿಂದಿನ ಬುದ್ಧಿಗೆ ಹೆಸರಾಯಿತು. ಶಿಲ್ಪಿಗೆ ಆ ಕಾಲದಲ್ಲಿ ಇದ್ದ ಮಾನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನಾನು ಹುಡುಕುವುದಿಲ್ಲ.

ವಿಚಿತ್ರವೆಂದರೆ, ಇಷ್ಟೊಂದು ನಿಜವಾದ ಹೆಸರುಗಳಿದ್ದರೂ ಜನರ ಬಾಯಲ್ಲಿ ಉಳಿದದ್ದು ಆ ಸಹಿಗಳಲ್ಲಿ ಕಾಣದ ಹೆಸರು: ಜಕಣಾಚಾರಿ. ಅವನ ಕತೆಯನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಅಪ್ಪ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು, ತಾನು ಅವನ ಮಗನೆಂದು ತಿಳಿಯದ ಹುಡುಗ ಡಂಕಣ ಹೇಳುತ್ತಾನೆ. ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಜೊತೆಗೆ ಒಂದು ಕಪ್ಪೆ ಹೊರಬರುತ್ತದೆ. ಶಾಂತಲೆ ಕಟ್ಟಿಸಿದ ಗುಡಿಯ ದೇವರು ಹೀಗೆ ಕಪ್ಪೆ ಚೆನ್ನಿಗರಾಯನಾದ. ದೋಷ ಕಂಡರೆ ಕೈ ಕಡಿದುಕೊಳ್ಳುತ್ತೇನೆ ಎಂದಿದ್ದ ಮಾತಿಗೆ ತಪ್ಪದೆ ಜಕಣಾಚಾರಿ ಬಲಗೈ ಕಡಿದುಕೊಂಡ. ಇತಿಹಾಸವಾಗಿ ಇದನ್ನು ನಂಬಬೇಕಿಲ್ಲ. ಆದರೆ ಕತೆಯೊಳಗಿನ ಪರೀಕ್ಷೆಯನ್ನು ಗಮನಿಸಿ. ಒದ್ದೆ ಲೇಪ ಹಚ್ಚಿ ಎಲ್ಲಿ ನಿಧಾನವಾಗಿ ಆರುತ್ತದೆ ಎಂದು ನೋಡಿದರೆ ಒಳಗಿನ ಬಿರುಕು, ಪೊಳ್ಳು, ತೇವ ಎಲ್ಲಿದೆ ಎಂದು ಊಹಿಸಬಹುದು. ಕಲ್ಲನ್ನು ಆರಿಸುವಾಗ ಬೇಕಾದ ತಿಳಿವಳಿಕೆಯೊಂದು ಅಪ್ಪ ಮಗನ ಕತೆಯ ಹೊಟ್ಟೆಯಲ್ಲಿ ಕೂತು ಊರೂರು ತಿರುಗಿದೆ. ಶಿಲ್ಪಶಾಸ್ತ್ರಗಳು ಇಂಥ ದೋಷವನ್ನು ‘ಗರ್ಭ’ ಎಂದೇ ಕರೆಯುತ್ತವೆ.

ಗರ್ಭವಿದ್ದ ಮೇಲೆ ಲಿಂಗವೂ ಇರಬೇಕಲ್ಲ! ಶಾಸ್ತ್ರದ ಪ್ರಕಾರ ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ತುಂಬಿದ ನಾದ ಕೊಡುವುದು ಪುರುಷ ಶಿಲೆ, ತಾಳದಂತೆ ಮೃದುವಾಗಿ ಮಿಡಿಯುವುದು ಸ್ತ್ರೀ ಶಿಲೆ, ಸದ್ದೇ ಹೊರಡದ್ದು ನಪುಂಸಕ ಶಿಲೆ. ಮೊದಲನೆಯದು ಮೂರ್ತಿಗೆ, ಎರಡನೆಯದು ಪೀಠಕ್ಕೆ, ಮೂರನೆಯದು ಅಡಿಪಾಯಕ್ಕೆ. ಈ ವಿಂಗಡಣೆಯಲ್ಲಿ ಯಾರು ಮೇಲೆ, ಯಾರು ಕೆಳಗೆ, ಯಾರು ನೆಲದೊಳಗೆ ಎಂಬುದನ್ನು ಗಮನಿಸಿದರೆ ಶಾಸ್ತ್ರ ಕಲ್ಲಿನ ಬಗ್ಗೆ ಮಾತ್ರ ಮಾತನಾಡುತ್ತಿಲ್ಲ ಎಂದು ಗೊತ್ತಾಗುತ್ತದೆ. ಆದರೂ ತಟ್ಟಿ ಕೇಳುವ ಅಭ್ಯಾಸಕ್ಕೆ ಅದರದೇ ತರ್ಕವಿದೆ: ಬಿರುಕಿದ್ದ ಕಲ್ಲು ಒಡೆದ ಮಡಕೆಯಂತೆ ಒಡಕು ಸದ್ದು ಕೊಡುತ್ತದೆ. ಕುಂಬಾರನ ಮುಂದೆ ಕೂತು ಮಡಕೆ ಕೊಳ್ಳುವ ಅಜ್ಜಿ ಬೆರಳ ಗಣ್ಣಿನಿಂದ ತಟ್ಟಿ ನೋಡುವುದೂ ಇದನ್ನೇ.

ಇದೇ 12ನೇ ಶತಮಾನದಲ್ಲಿ, ಇದೇ ನಾಡಿನಲ್ಲಿ, ಇಷ್ಟೆಲ್ಲ ಕಲ್ಲಿನ ಸಂಭ್ರಮಕ್ಕೆ ಎದುರುಮಾತೂ ಹುಟ್ಟಿತು ಎಂಬುದನ್ನು ಕಲೆಯ ಚರಿತ್ರೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಇಟಗಿಯ ‘ದೇವಾಲಯ ಚಕ್ರವರ್ತಿ’ ನಿಂತು ಅರ್ಧ ಶತಮಾನ ಕಳೆಯುವುದರೊಳಗೆ ಕಲ್ಯಾಣದ ಶರಣರು ಸ್ಥಾವರ ಅಳಿಯುತ್ತದೆ, ಜಂಗಮಕ್ಕೆ ಅಳಿವಿಲ್ಲ ಎಂದರು. ಉಳ್ಳವರು ಗುಡಿ ಕಟ್ಟಿಸುತ್ತಾರೆ, ಬಡವನಿಗೆ ದೇಹವೇ ದೇಗುಲ ಎಂದರು. ಬಳಪದ ಕಲ್ಲಿನ ಒಂದೊಂದು ಗುಡಿಯೂ ದಂಡನಾಯಕರ, ರಾಣಿಯರ, ಮಂತ್ರಿಯ ಹೆಂಡಿರ ಹಣದಿಂದ ಎದ್ದದ್ದು ಎಂದು ಮೇಲೆ ನೋಡಿದೆವು. ಆ ಮಾತು ಯಾರ ಕಿವಿಗೆ ಎಂದು ಬೇರೆ ಹೇಳಬೇಕೆ? ಆದರೆ ಅಂಗೈಯಲ್ಲಿ ಹಿಡಿಯುವ ಇಷ್ಟಲಿಂಗವೂ ಕಪ್ಪಾಗಿಯೇ ಹೊಳೆಯುತ್ತದೆ. ಗುಡಿಯನ್ನು ಬಿಟ್ಟವರೂ ಆ ನುಣುಪನ್ನು, ಆ ಕಪ್ಪನ್ನು ಕೈಬಿಡಲಿಲ್ಲ.

ಗುಡಿಯ ಹೊರಗೂ ಈ ಕಲ್ಲಿಗೆ ಬದುಕಿತ್ತು. ಮಲೆನಾಡು, ಕರಾವಳಿಯ ಹಳೆಯ ಅಡುಗೆಮನೆಗಳಲ್ಲಿ ಕಲ್ಲಿನ ಮರಿಗೆ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಹುಳಿ, ಗೊಜ್ಜು, ಉಪ್ಪಿನಕಾಯಿ ಹಾಕಿಟ್ಟರೆ ಹಿತ್ತಾಳೆಯಂತೆ ಕಿಲುಬು ಹಿಡಿಯುವುದಿಲ್ಲ. ಕಲ್ಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೂ ಸಾರು ಬಹಳ ಹೊತ್ತು ಕುದಿಯುತ್ತಲೇ ಇರುತ್ತದೆ. ಹೊಸ ಪಾತ್ರೆಯನ್ನು ನೇರವಾಗಿ ಒಲೆಗೇರಿಸುವಂತಿಲ್ಲ. ದಿನಗಟ್ಟಲೆ ಎಣ್ಣೆ ಹಚ್ಚಿ, ಗಂಜಿ ಹಾಕಿಟ್ಟು ಪಳಗಿಸಬೇಕು. ಹಾಗೆ ಪಳಗಿದ ಪಾತ್ರೆಯ ಕಪ್ಪು, ತೈಲಾಭಿಷೇಕ ಉಂಡ ಮೂಲವಿಗ್ರಹದ ಕಪ್ಪನ್ನೇ ಹೋಲುತ್ತದೆ.

ಹೊರಗಿನವರು ಇದನ್ನೆಲ್ಲ ಹೇಗೆ ಓದಿದರು? 19ನೇ ಶತಮಾನದಲ್ಲಿ ಭಾರತದ ವಾಸ್ತುಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಜೊತೆ ಇಟ್ಟು, ವಾಸ್ತುಕಲೆಯ ಎರಡು ತುದಿಗಳು ಇವು ಎಂದ. ಒಂದು ಶುದ್ಧ ಬುದ್ಧಿಯ ತುದಿ, ಇನ್ನೊಂದು ಕೈಯ ಮತ್ತು ಭಾವದ ಸಮೃದ್ಧಿಯ ತುದಿ. ಹೊಗಳಿಕೆಯೇ, ಅನುಮಾನವಿಲ್ಲ. ಆದರೆ ಅದೇ ಹೊಗಳಿಕೆ ಮುಂದಿನವರ ಬರಹದಲ್ಲಿ ಹುಳಿಯಾಯಿತು: ಅಲಂಕಾರ ಅತಿಯಾಯಿತು, ಇದು ಅಕ್ಕಸಾಲಿಗನ ಕೆಲಸ, ಶಿಲ್ಪಿಯದಲ್ಲ ಎಂಬ ಆಕ್ಷೇಪ ಬಂತು. ಇಲ್ಲಿಯೂ ಗುಟ್ಟಾಗಿ ಕೆಲಸ ಮಾಡಿದ್ದು ಕಲ್ಲಿನ ಬಗೆಗಿನ ಭಾವನೆ. ಬಿಳಿ ಅಮೃತಶಿಲೆ ಎಂದರೆ ಘನತೆ, ಮೆತ್ತಗಿನ ಕಲ್ಲು ಎಂದರೆ ಕರಕುಶಲ ಎಂಬ ತಾರತಮ್ಯ ಯುರೋಪಿನ ಕಣ್ಣಿಗೆ ಮೊದಲೇ ಅಂಟಿತ್ತು. ನಮ್ಮ ಮಾರ್ಗದರ್ಶಿಯ ‘ಬೆಣ್ಣೆಯಂತೆ ಮೆತ್ತಗೆ’ ಎಂಬ ಮಾತಿನಲ್ಲಿ ಅದರ ಮಾರ್ದನಿ ಇದೆಯೇನೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಬೇರೆ ಕಡೆಯ ಉದಾಹರಣೆ ಬೇಕಿದ್ದರೆ ಬ್ರೆಜಿಲ್ ಇದೆ. ಕೈಕಾಲು ಕುಗ್ಗಿಸುವ ಕಾಯಿಲೆಗೆ ಸಿಕ್ಕಿದ್ದ ಅಲೇಜಾದಿನ್ಹೊ ಎಂಬ ಶಿಲ್ಪಿ 1800ರಿಂದ 1805ರವರೆಗೆ ಕಾಂಗೊನ್ಯಸ್ ಎಂಬ ಊರಿನ ಇಗರ್ಜಿಗೆ ಹನ್ನೆರಡು ಪ್ರವಾದಿಗಳನ್ನು ಕೆತ್ತಿದ್ದು ಇದೇ ಜಾತಿಯ ಕಲ್ಲಿನಲ್ಲಿ. ರಿಯೊ ನಗರದ ಬೆಟ್ಟದ ಮೇಲೆ ತೋಳು ಚಾಚಿ ನಿಂತ ಕ್ರಿಸ್ತನ ಮೈಗೆ ಅಂಟಿಸಿರುವುದೂ ಬಳಪದ ಕಲ್ಲಿನ ಸಣ್ಣ ಸಣ್ಣ ಬಿಲ್ಲೆಗಳು. 1931ರಲ್ಲಿ ಮುಗಿದ ಆ ಪ್ರತಿಮೆಗೆ ಬಿಲ್ಲೆ ಜೋಡಿಸಿದ ಹೆಂಗಸರು ಅವುಗಳ ಹಿಂಬದಿಯಲ್ಲಿ ಹೆಸರುಗಳನ್ನು ಬರೆದಿಟ್ಟರಂತೆ. ಮಲ್ಲಿತಮ್ಮನ ಬಂಧುಗಳು ಅಲ್ಲೂ ಇದ್ದಾರೆ.

ಈಚಿನ ವರ್ಷಗಳಲ್ಲಿ ಕರ್ನಾಟಕದ ಕಪ್ಪುಕಲ್ಲು ಸುದ್ದಿಯಾದದ್ದು ಅಯೋಧ್ಯೆಯಿಂದ. ಬಾಲರಾಮನ ಮೂರು ವಿಗ್ರಹಗಳನ್ನು ಮೂವರು ಶಿಲ್ಪಿಗಳು ಮಾಡಿದರು. ಒಂದು ರಾಜಸ್ಥಾನದ ಬಿಳಿ ಅಮೃತಶಿಲೆಯಲ್ಲಿ, ಎರಡು ಕರ್ನಾಟಕದ ಕಪ್ಪು ಶಿಲೆಯಲ್ಲಿ. 2024ರ ಜನವರಿ 22ರಂದು ಗರ್ಭಗುಡಿಯಲ್ಲಿ ಪ್ರತಿಷ್ಠೆಯಾದದ್ದು ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ 51 ಅಂಗುಲದ ಮೂರ್ತಿ. ಅಂದಿನಿಂದ ‘ಕೃಷ್ಣಶಿಲೆ’ ಎಂಬ ಹೆಸರು ಎಲ್ಲರ ಬಾಯಲ್ಲಿದೆ. ಇಲ್ಲೊಂದು ಎಚ್ಚರ ಬೇಕು: ಕೃಷ್ಣಶಿಲೆ ಎನ್ನುವುದು ಶಿಲ್ಪಿಗಳ, ಆಚಾರದ ಹೆಸರು, ಭೂವಿಜ್ಞಾನಿಯದಲ್ಲ. ಕಪ್ಪಾಗಿ ನುಣುಪು ಕೊಡುವ ಹಲವು ಬಗೆಯ ಕಲ್ಲುಗಳು ಆ ಒಂದೇ ಹೆಸರಿನಡಿ ಓಡಾಡುತ್ತವೆ. ಎಲ್ಲವನ್ನೂ ಬಳಪದ ಕಲ್ಲೆಂದು ತಿಳಿಯಬಾರದು. ಆದರೆ ಹೆಸರು ಬದಲಾದದ್ದರಲ್ಲೇ ಒಂದು ಕತೆಯಿದೆ. ಶಾಲೆಯ ಬಳಪದ ಹೆಸರು ಹೊತ್ತ ಕಲ್ಲು ದೇವರ ಬಣ್ಣದ ಹೆಸರು ಹೊತ್ತೊಡನೆ ಬೇರೆಯೇ ಆಗುತ್ತದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಶಿಲ್ಪಿಗಳ ಊರಿಗೆ ಹೋಗಿ ವಿಗ್ರಹ ಮಾಡಿಸುವವರು ‘ಬಳಪದ ಕಲ್ಲಿನಲ್ಲಿ ಮಾಡಿಕೊಡಿ’ ಎಂದು ಕೇಳುವುದು ಅಪರೂಪ. ‘ಕೃಷ್ಣಶಿಲೆಯಲ್ಲಿ’ ಎಂದರೆ ಆಯಿತು.

ಮೆದುತನಕ್ಕೆ ಬೆಲೆಯನ್ನೂ ತೆರಬೇಕು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿದ ಗುಡಿಯನ್ನು ನೋಡಲು ಬರುವವರಿಗೆ ಕೈ ಸುಮ್ಮನಿರುವುದಿಲ್ಲ. ಹಳೇಬೀಡಿನ ಕೆಳಸಾಲಿನ ಆನೆಗಳ ಸೊಂಡಿಲು, ಬಾಗಿಲ ಬಳಿಯ ಮೂರ್ತಿಗಳ ಮೊಣಕಾಲು, ಕೈಗೆ ಎಟುಕುವ ಎಲ್ಲವೂ ಸವೆದು ಎಣ್ಣೆ ಹಚ್ಚಿದಂತೆ ಮಿರುಗುತ್ತವೆ. ಅಲ್ಲಲ್ಲಿ ಯಾರೋ ಕೀಲಿಕೈಯಿಂದ ಹೆಸರು ಗೀಚಿದ್ದಾರೆ, ಪಕ್ಕದಲ್ಲೊಂದು ಹೃದಯದ ಚಿತ್ರ. ಹತ್ತಿರ ಹೋಗಿ ನೋಡಿದರೆ ಕಪ್ಪು ಮೈಯ ಮೇಲೆ ಆ ಗೆರೆ ಬೂದುಬೆಳ್ಳಗೆ, ಪುಡಿಪುಡಿಯಾಗಿ ಎದ್ದಿರುತ್ತದೆ, ಥೇಟ್ ಸ್ಲೇಟಿನ ಮೇಲೆ ಬಳಪ ಎಳೆದಂತೆ. ಎಂಜಲು ಹಚ್ಚಿ ಒರೆಸಿದರೆ ಮಾತ್ರ ಹೋಗುವುದಿಲ್ಲ.